ಮೆಟ್ರಿಕ್ ದಾಟದ ಡಿ.ವಿ.ಜಿ. ಕಟ್ಟಿಕೊಂಡ ನೆಮ್ಮದಿ

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದೆ. ಬೆಂಗಳೂರು ಸೇರಿರುವ ಹಳೆಯ ವಿದ್ಯಾರ್ಥಿಗಳೂ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮೇಷ್ಟ್ರು ಹೇಳಿ ಕಳುಹಿಸಿದ್ದರು. ಸಾಫ್ಟ್‌ವೇರ್ ಕೆಲಸದವನು ಕಂಪ್ಯೂಟರ್ ವಿಚಾರ ಬರೆಯುತ್ತಾನೆಂದು ಅವರು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವುದು ನಮ್ಮ ಕೋಲಾರ ಜಿಲ್ಲೆಯವರೇ ಆದ ಡಿ.ವಿ. ಗುಂಡಪ್ಪನವರನ್ನು. ನಮ್ಮ ಶಾಲೆ ಆರಂಭವಾದ 1975ರಲ್ಲೇ, ಅಕ್ಟೋಬರ್ 7ರಂದು, ಅವರು ತೀರಿಕೊಂಡರು. ಶಾಲೆಗೆ ಐವತ್ತಾದಾಗ ಅವರು ಹೋಗಿ ಐವತ್ತು ವರ್ಷ. ಈ ಲೆಕ್ಕ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಡಿ.ವಿ.ಜಿ. ಎಂದೊಡನೆ ನಮಗೆ ನೆನಪಾಗುವುದು ಮಂಕುತಿಮ್ಮನ ಕಗ್ಗ. ಎಂಟನೇ ತರಗತಿಯಿಂದ ಹತ್ತನೆಯವರೆಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಅದರ ಪದ್ಯಗಳನ್ನು ಎಷ್ಟೋ ಸಲ ಕೇಳಿದ್ದೇವೆ. ಭಾಷಣ ಸ್ಪರ್ಧೆಯಲ್ಲಿ ಗೆದ್ದವರಿಗೆ ಬಹುಮಾನವಾಗಿ ಸಿಗುತ್ತಿದ್ದುದೂ ಅದೇ ಪುಸ್ತಕ. ಆದರೆ ಅದನ್ನು ಬರೆದವರ ದಿನಗಳು ಹೇಗಿದ್ದವು, ಬೆಳಗಾದರೆ ಅವರು ಏನನ್ನು ಹಿಡಿದುಕೊಂಡು ಬದುಕುತ್ತಿದ್ದರು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ. ನಾನು ಬನಶಂಕರಿಯಲ್ಲಿ ಮನೆ ಮಾಡಿದ ಮೇಲೆ, ಬಸವನಗುಡಿ ಹತ್ತಿರವಾಯಿತು. ಅಲ್ಲಿನ ಡಿ.ವಿ.ಜಿ. ರಸ್ತೆ, ಬ್ಯೂಗಲ್ ರಾಕ್ ಉದ್ಯಾನದಲ್ಲಿರುವ ಅವರ ಪ್ರತಿಮೆ, ಬುಲ್ ಟೆಂಪಲ್ ರಸ್ತೆಯಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಇವೆಲ್ಲ ನಾನು ಓಡಾಡುವ ದಾರಿಯಲ್ಲೇ ಇವೆ. ಅವರ ಬಗ್ಗೆ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಡಿ.ವಿ.ಜಿ.ಯವರ ನೆಮ್ಮದಿ ಅದೃಷ್ಟದಿಂದ ಬಂದದ್ದಲ್ಲ. ಕೆಲವೇ ಅಭ್ಯಾಸಗಳನ್ನು ಬಿಡದೆ ನಡೆಸಿಕೊಂಡು ಬಂದು, ಅವರು ಅದನ್ನು ತಾವೇ ಕಟ್ಟಿಕೊಂಡರು. ಆ ಅಭ್ಯಾಸಗಳಲ್ಲಿ ಒಂದೂ ದುಡ್ಡಿನ ಬಾಬತ್ತಲ್ಲ. ನಮ್ಮ ಊರಿನಲ್ಲಿ ಯಾರು ಬೇಕಾದರೂ ಮಾಡಬಹುದಾದವು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯನವರು ಶಾಲೆಯ ಉಪಾಧ್ಯಾಯರು. ತಾಯಿ ಅಲಮೇಲಮ್ಮ. ಸ್ಥಿತಿವಂತರ ಮನೆಯೇನಲ್ಲ. ಮುಳಬಾಗಿಲಿನಲ್ಲಿ ಲೋಯರ್ ಸೆಕೆಂಡರಿ ಮುಗಿಸುವ ಹೊತ್ತಿಗೆ, ಮುಂದೆ ಇಂಗ್ಲಿಷ್ ಓದಿಸುವುದೋ ಬೇಡವೋ ಎಂಬ ಮಾತು ಮನೆಯಲ್ಲಿ ಎದ್ದಿತು. ಆಗ ಅವರ ಬೆನ್ನಿಗೆ ನಿಂತವನು ಊರಿನಲ್ಲಿ ಜಟಕಾ ಓಡಿಸುತ್ತಿದ್ದ ರಸೂಲ್ ಖಾನ್. ಹುಡುಗನ ಓದು ನಿಲ್ಲಬಾರದೆಂದು ಮನೆಯ ಹಿರಿಯರಿಗೆ ಹೇಳಿದವನೂ ಅವನೇ, ತನ್ನ ಗಾಡಿಯಲ್ಲಿ ಕೂರಿಸಿಕೊಂಡು ರೈಲಿಗೆ ಹತ್ತಿಸಲು ಹೊರಟವನೂ ಅವನೇ. ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದ ಊರು ಇಂದಿನ ಬಂಗಾರಪೇಟೆ. ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮವರಿಗೆ ಆ ಸ್ಟೇಷನ್ನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ದಾರಿಯಲ್ಲೇ ಗುಂಡಪ್ಪ ಮೈಸೂರಿಗೆ ಓದಲು ಹೋದರು. ರಸೂಲ್ ಖಾನನನ್ನು ಅವರು ಮರೆಯಲಿಲ್ಲ. ಮುದಿವಯಸ್ಸಿನಲ್ಲಿ ತಮ್ಮ ನೆನಪುಗಳನ್ನು ಬರೆಯುವಾಗ ದಿವಾನರಿಗೂ ವಿದ್ವಾಂಸರಿಗೂ ಕೊಟ್ಟಷ್ಟೇ ಅಕ್ಕರೆಯಿಂದ ಅವನಿಗೂ ಜಾಗ ಕೊಟ್ಟರು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಮೈಸೂರಿನಲ್ಲೂ ಕೋಲಾರದಲ್ಲೂ ಓದಿದ ಹುಡುಗ ಕೊನೆಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅಲ್ಲಿಗೆ ಶಾಲೆಯ ಓದು ಮುಗಿಯಿತು. ಹತ್ತನೇ ತರಗತಿಯ ಫಲಿತಾಂಶದ ದಿನ ಹಳ್ಳಿಯ ಮನೆಯಲ್ಲಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ನೂರಿಪ್ಪತ್ತು ವರ್ಷಗಳ ಹಿಂದೆಯೂ ಅದು ಬೇರೆ ರೀತಿ ಇದ್ದಿರಲಾರದು. ಮುಳಬಾಗಿಲಿನ ಶಾಲೆಯಲ್ಲಿ ಸ್ವಲ್ಪ ಕಾಲ ಹಂಗಾಮಿ ಮೇಷ್ಟರಾಗಿದ್ದರು. ಕೋಲಾರ ಚಿನ್ನದ ಗಣಿಯ ಊರಿಗೆ ಹೋಗಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದ ಮೇಲೆ ಕುದುರೆಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದರು. ಯಾವುದೂ ನಿಲ್ಲಲಿಲ್ಲ. ಇಪ್ಪತ್ತು ವರ್ಷದ ಆಸುಪಾಸಿನ ಯುವಕ, ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ, ಊರಿನಲ್ಲಿ ಆಸ್ತಿಯಿಲ್ಲ, ಮೇಲೆ ಸಂಸಾರದ ಹೊಣೆ.

ಅಲ್ಲಿಂದ ಅವರನ್ನು ಎತ್ತಿದ್ದು ಪತ್ರಿಕೆಯ ಕೆಲಸ. ಸಣ್ಣಪುಟ್ಟ ಪತ್ರಿಕೆಗಳಿಗೆ ಬರೆಯುತ್ತಾ ಬರೆಯುತ್ತಾ ಕೈ ಕುದುರಿತು. 1913ರಲ್ಲಿ ಕರ್ನಾಟಕ ಎಂಬ ಹೆಸರಿನ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ವಾರಕ್ಕೆ ಎರಡು ಸಲ ಬರುತ್ತಿದ್ದ ಆ ಪತ್ರಿಕೆ 1921ರವರೆಗೆ ನಡೆಯಿತು. ಅದು ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲವೂ ಹೌದು. ಮೆಟ್ರಿಕ್ ಆಗದ ಮನುಷ್ಯ ರಾಜ್ಯದ ಆಡಳಿತವನ್ನು ಇಂಗ್ಲಿಷಿನಲ್ಲಿ ವಿಮರ್ಶೆ ಮಾಡುತ್ತಿದ್ದರು, ದಿವಾನರು ಅದನ್ನು ಓದುತ್ತಿದ್ದರು.

ಇದು ಹೇಗೆ ಸಾಧ್ಯವಾಯಿತು? ಅವರ ಮೊದಲನೆಯ ಅಭ್ಯಾಸ ಇಲ್ಲಿದೆ. ಪರೀಕ್ಷೆ ಮುಗಿದ ಮೇಲೂ ಅವರು ಓದು ನಿಲ್ಲಿಸಲಿಲ್ಲ. ಓದು ಎಂದರೆ ಒಬ್ಬರೇ ಕೋಣೆಯಲ್ಲಿ ಕೂತು ಪುಟ ತಿರುಗಿಸುವುದು ಮಾತ್ರವೂ ಆಗಿರಲಿಲ್ಲ. ಬಲ್ಲವರನ್ನು ಹುಡುಕಿಕೊಂಡು ಹೋಗಿ ಕೇಳಿ ಕಲಿಯುವುದು ಅವರ ರೀತಿ. ವೇದಾಂತವನ್ನು ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಬಳಿ ಕಲಿತರು. ಇಂಗ್ಲಿಷ್ ಸಾಹಿತ್ಯವನ್ನೂ ರಾಜ್ಯಶಾಸ್ತ್ರವನ್ನೂ ಸ್ವಂತ ಓದಿನಿಂದ ಗಳಿಸಿಕೊಂಡರು. ಕೆಲಸದ ನಡುವೆ ದಿನಕ್ಕಿಷ್ಟೆಂದು ಓದಿದ್ದೇ ನಲವತ್ತು ಐವತ್ತು ವರ್ಷಗಳಲ್ಲಿ ದೊಡ್ಡ ರಾಶಿಯಾಯಿತು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಕನ್ನಡಕ್ಕೆ ತಂದರು. ಉಮರ್ ಖಯ್ಯಾಮನ ಪದ್ಯಗಳನ್ನು ಉಮರನ ಒಸಗೆಯಾಗಿ ಮಾಡಿದರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೈಸೂರಿನ ಶಾಸನ ಪರಿಷತ್ತಿನಲ್ಲಿ ಸದಸ್ಯರಾಗಿ ಕೂತರು. ಪದವಿಯ ಮೆಟ್ಟಿಲೇ ಹತ್ತದವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಇದನ್ನೆಲ್ಲ ಬರೆದಾಗ ಒಂದು ಗೆಲುವಿನ ಕಥೆಯಂತೆ ಕಾಣುತ್ತದೆ. ಮನೆಯೊಳಗಿನ ಕಥೆ ಅಷ್ಟು ಸುಲಭದ್ದಲ್ಲ. ಪತ್ರಿಕೆಯಿಂದ ಬರುತ್ತಿದ್ದ ಆದಾಯ ಅಷ್ಟಕ್ಕಷ್ಟೆ. ಕೈ ಬಿಗಿಯಾದ ದಿನಗಳೇ ಹೆಚ್ಚು. ಅವರಿಗೆ ಇನ್ನೂ ನಲವತ್ತು ತುಂಬುವ ಮೊದಲೇ ಪತ್ನಿ ಭಾಗೀರಥಮ್ಮನವರು ತೀರಿಕೊಂಡರು. ಮಕ್ಕಳಿನ್ನೂ ಚಿಕ್ಕವರು. ಆ ಕಾಲದಲ್ಲಿ ಆ ವಯಸ್ಸಿನ ಗಂಡಸು ಮತ್ತೆ ಮದುವೆಯಾಗುವುದು ಸಾಮಾನ್ಯ, ಯಾರೂ ತಪ್ಪೆನ್ನುತ್ತಿರಲಿಲ್ಲ. ಗುಂಡಪ್ಪನವರು ಆಗಲಿಲ್ಲ. ಆಮೇಲೆ ಸುಮಾರು ಅರ್ಧ ಶತಮಾನ ಒಂಟಿಯಾಗಿಯೇ ಬಾಳಿದರು. ಆ ಮಕ್ಕಳಲ್ಲಿ ಒಬ್ಬರೇ ಮುಂದೆ ಸಸ್ಯವಿಜ್ಞಾನಿಯಾಗಿ, ಹಸುರು ಹೊನ್ನು ಬರೆದು ಕನ್ನಡಿಗರನ್ನೆಲ್ಲ ನಗಿಸಿದ ಬಿ.ಜಿ.ಎಲ್. ಸ್ವಾಮಿಯವರು.

ಸಂತೋಷದ ಬಗ್ಗೆ ಮಾತನಾಡುವವರು ದುಃಖ ಕಾಣದವರಾದರೆ ಆ ಮಾತಿಗೆ ತೂಕ ಇರುವುದಿಲ್ಲ. ಡಿ.ವಿ.ಜಿ. ಕಂಡಿದ್ದರು. ಕಗ್ಗ ಮೊದಲು ಅಚ್ಚಾದದ್ದು 1943ರಲ್ಲಿ, ಅವರ ಐವತ್ತಾರನೆಯ ವಯಸ್ಸಿಗೆ. 945 ಪದ್ಯಗಳ ಆ ಪುಸ್ತಕದಲ್ಲಿ ಪ್ರಶ್ನೆಗಳೂ ಇವೆ, ಬೇಸರವೂ ಇದೆ, ಸಾವೂ ಇದೆ. ಆದರೂ ಓದಿ ಮುಗಿಸಿದವರಿಗೆ ಬದುಕು ಬೇಡವೆನಿಸುವುದಿಲ್ಲ. ಹಾಗೆ ಬರೆಯಬೇಕಾದರೆ ಬರೆದವರು ದಿನದಿನವೂ ಎಲ್ಲಿಂದಲೋ ಬಲ ತುಂಬಿಕೊಳ್ಳುತ್ತಿದ್ದಿರಬೇಕು. ಎಲ್ಲಿಂದ ಎಂಬುದಕ್ಕೆ ಉತ್ತರ ಅವರ ಜೊತೆಗಾರರ ಬಳಗದಲ್ಲಿದೆ.

ಎರಡನೆಯ ಅಭ್ಯಾಸ ಎಂದು ನಾನು ಎಣಿಸುವುದು ಇದನ್ನೇ: ಹತ್ತು ಜನರ ಜೊತೆ ಕೂತು ಓದುವುದು, ಮಾತಾಡುವುದು. ಗೋಪಾಲಕೃಷ್ಣ ಗೋಖಲೆಯವರನ್ನು ಡಿ.ವಿ.ಜಿ. ಗುರುವಿನಂತೆ ಕಂಡವರು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜ ಕಟ್ಟಿ, ಸಾರ್ವಜನಿಕ ಕೆಲಸ ಮಾಡುವವರು ಮೊದಲು ಓದಿ ತಯಾರಾಗಬೇಕೆಂಬ ಪದ್ಧತಿ ಹಾಕಿದ್ದರು. ಅದೇ ದಾರಿಯಲ್ಲಿ ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಅವರಿಗೆ ಐವತ್ತೆಂಟು ವರ್ಷ. ಸರ್ಕಾರಿ ನೌಕರರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಅಲ್ಲಿಂದ ಕೊನೆಯವರೆಗೆ, ಮೂವತ್ತು ವರ್ಷ, ಆ ಸಂಸ್ಥೆಯೇ ಅವರ ದಿನಗಳ ಕೇಂದ್ರವಾಯಿತು.

ಅಲ್ಲಿ ನಡೆಯುತ್ತಿದ್ದ ಅಧ್ಯಯನ ಗೋಷ್ಠಿಗೆ ಫೀಸಿಲ್ಲ, ಹಾಜರಿಯಿಲ್ಲ, ಪರೀಕ್ಷೆಯಿಲ್ಲ. ಒಂದು ಪುಸ್ತಕ ಹಿಡಿದು ಕೂರುವುದು, ಸ್ವಲ್ಪ ಓದುವುದು, ಅರ್ಥವಾಗದ್ದನ್ನು ಕೇಳುವುದು, ಮುಂದಿನ ಸಲ ಅಲ್ಲಿಂದಲೇ ಮುಂದುವರಿಸುವುದು. ಹೀಗೆ ಸಾಗಿದ ಭಗವದ್ಗೀತೆಯ ಉಪನ್ಯಾಸಗಳೇ ಬೆಳೆದು ಜೀವನಧರ್ಮಯೋಗ ಎಂಬ ದೊಡ್ಡ ಪುಸ್ತಕವಾಗಿ 1966ರಲ್ಲಿ ಹೊರಬಂದವು. ಮಾರನೆಯ ವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪ್ರಶಸ್ತಿಗಾಗಿ ಹೊರಟು ಬರೆದದ್ದಲ್ಲ ಅದು. ಗೆಳೆಯರ ಜೊತೆ ಕೂರುವ ರೂಢಿಯಿಂದ ತಾನಾಗಿ ಹುಟ್ಟಿದ್ದು.

ಇಲ್ಲಿ ನನ್ನ ಕೆಲಸದ ಕಡೆಯಿಂದ ಒಂದು ಮಾತು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬಿ.ಟಿ.ಎಂ. ಲೇಔಟ್, ಜೆ.ಪಿ. ನಗರ, ಜಯನಗರಗಳಲ್ಲಿ, ನನ್ನಂತೆ ಹಳ್ಳಿಗಳಿಂದ ಬಂದ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಸಂಬಳ ಚೆನ್ನಾಗಿದೆ. ಕೈಗೆ ಕಟ್ಟಿದ ಗಡಿಯಾರ ದಿನಕ್ಕೆ ಎಷ್ಟು ಹೆಜ್ಜೆ ನಡೆದೆವೆಂದು ಲೆಕ್ಕ ಕೊಡುತ್ತದೆ. ನಿದ್ದೆ ಎಷ್ಟಾಯಿತೆಂದು ಫೋನು ಹೇಳುತ್ತದೆ. ಧ್ಯಾನ ಮಾಡಿಸುವ ಆ್ಯಪ್ ಇದೆ, ನೀರು ಕುಡಿಯಲು ನೆನಪಿಸುವ ಆ್ಯಪ್ ಇದೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ನಡೆಯುವುದು, ಹೊತ್ತಿಗೆ ಮಲಗುವುದು ಒಳ್ಳೆಯದೇ. ಆದರೆ ಪಿ.ಜಿ. ಕೋಣೆಯಲ್ಲಿ ರಾತ್ರಿ ಹತ್ತು ಗಂಟೆಗೆ ಪಾರ್ಸೆಲ್ ಊಟ ಬಿಚ್ಚಿಕೊಂಡು ಒಬ್ಬನೇ ಕೂತವನ ಮನಸ್ಸಿನ ಭಾರವನ್ನು ಆ ಲೆಕ್ಕಗಳು ಇಳಿಸುವುದಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 1938ರಲ್ಲಿ ಒಂದು ಅಧ್ಯಯನ ಆರಂಭಿಸಿ, ಅದೇ ಜನರನ್ನು ಮುದಿತನದವರೆಗೂ ಹಿಂಬಾಲಿಸಿದರು. ಕಡೆಗಾಲದಲ್ಲಿ ಆರೋಗ್ಯವಾಗಿ, ಸಮಾಧಾನವಾಗಿ ಇದ್ದವರು ಯಾರೆಂದು ನೋಡಿದರೆ, ಹಣ ಹೆಸರುಗಳಿಗಿಂತ ಹತ್ತಿರದ ಸಂಬಂಧಗಳನ್ನು ಚೆನ್ನಾಗಿ ಇಟ್ಟುಕೊಂಡವರೇ ಎಂದು ತಿಳಿದುಬಂತು. ಆ ಫಲಿತಾಂಶ ಹೊರಬರುವ ಎಷ್ಟೋ ವರ್ಷ ಮೊದಲೇ ನಮ್ಮ ಮುಳಬಾಗಿಲಿನವರು ನರಸಿಂಹರಾಜ ಕಾಲೊನಿಯ ಪಕ್ಕದಲ್ಲಿ ಜಮಖಾನೆ ಹಾಸಿ ಕೂತಿದ್ದರು ಎನ್ನಬಹುದು.

ಮೂರನೆಯದು ರಸಿಕತೆ. ಡಿ.ವಿ.ಜಿ.ಯವರ ಚಿತ್ರ ನೋಡಿದರೆ ಗಂಭೀರ ಮುಖದ ವೇದಾಂತಿ ಎನಿಸಬಹುದು. ಅವರು ಬೈರಾಗಿಯಾಗಿರಲಿಲ್ಲ. ರುಚಿಯಾದ ಊಟ ಅವರಿಗೆ ಇಷ್ಟ, ಒಳ್ಳೆಯ ಸಂಗೀತ ಇಷ್ಟ, ನಗೆಮಾತು ಇಷ್ಟ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆಯರ ವಿಗ್ರಹಗಳನ್ನು ನೋಡಿ ಬರುವವರು ಲಕ್ಷಾಂತರ. ಅವರು ನೋಡಿ ಬಂದು ಒಂದೊಂದು ಮದನಿಕೆಯ ಭಾವಕ್ಕೂ ಹಾಡು ಕಟ್ಟಿದರು. ಅದೇ ಅಂತಃಪುರಗೀತೆ. ಸಂಗೀತಗಾರರು ಅವುಗಳನ್ನು ಇಂದಿಗೂ ಹಾಡುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದ ದಿನಗಳಲ್ಲಿ ವಸಂತ ಸಾಹಿತ್ಯೋತ್ಸವ ನಡೆಸಿ, ಸಾಹಿತ್ಯವನ್ನು ಜನ ಸೇರಿ ಅನುಭವಿಸುವ ಹಬ್ಬವಾಗಿ ಮಾಡಿದರು.

ಇದರಿಂದ ನಾನು ಕಲಿತದ್ದು ಇಷ್ಟು. ಸಂತೋಷ ಬರಲಿ ಎಂದು ಅವರು ದೊಡ್ಡ ದಿನಕ್ಕೆ ಕಾಯುತ್ತಾ ಕೂರಲಿಲ್ಲ. ಕೈಗೆ ಎಟುಕಿದ ಸಣ್ಣ ಸುಖವನ್ನು ಪೂರ್ತಿ ಮನಸ್ಸಿಟ್ಟು ಅನುಭವಿಸಿದರು. ನಮ್ಮೂರಿನಲ್ಲಿ ಅದಕ್ಕೇನು ಕಡಿಮೆ? ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯ ಸಾರು ಇದೆ, ಮಾವಿನ ತೋಪುಗಳಿವೆ, ಕೆರೆ ಕೋಡಿ ಬಿದ್ದ ವರ್ಷ ಊರೆಲ್ಲ ನೋಡಲು ಹೋಗುವುದಿದೆ. ಫೋನಿನಲ್ಲಿ ಫೋಟೊ ತೆಗೆದು ಕಳಿಸುವ ಮೊದಲು ಒಂದು ಗಳಿಗೆ ನಿಂತು ನೋಡುವ ಅಭ್ಯಾಸವಾದರೆ ಅದೇ ರಸಿಕತೆಯ ಮೊದಲ ಪಾಠ.

ನಾಲ್ಕನೆಯದು ದುಡ್ಡಿನ ವಿಷಯ. ಬಡತನವನ್ನು ಅವರು ಹೊಗಳಲಿಲ್ಲ, ಆದರೆ ತಮ್ಮ ಹಂಗನ್ನು ಯಾರ ಕೈಗೂ ಕೊಡಲಿಲ್ಲ. ಸರ್ಕಾರದ ಕೆಲಸಗಳಿಗೆ ಸಲಹೆ ಕೊಟ್ಟದ್ದಕ್ಕೆ ಬಂದ ಚೆಕ್ಕುಗಳನ್ನು ಅವರು ಬ್ಯಾಂಕಿಗೆ ಹಾಕದೆ ಹಾಗೇ ಇಟ್ಟಿದ್ದರು, ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕವು ಎಂಬ ಕಥೆಯನ್ನು ಬಸವನಗುಡಿಯ ಹಿರಿಯರು ಈಗಲೂ ಹೇಳುತ್ತಾರೆ. ಎಲ್ಲರಿಗೂ ಗೊತ್ತಿರುವ ಇನ್ನೊಂದು ಸಂಗತಿ 1970ರದ್ದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ ಸನ್ಮಾನ ನಡೆದು ಸುಮಾರು 90 ಸಾವಿರ ರೂಪಾಯಿಯ ನಿಧಿ ಅರ್ಪಿಸಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಜೀವನವಿಡೀ ಕೈ ಬಿಗಿಹಿಡಿದು ಬದುಕಿದ ಎಂಬತ್ತಮೂರರ ಹಿರಿಯರು ಅಷ್ಟನ್ನೂ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು.

ಎಲ್ಲವನ್ನೂ ದಾನ ಮಾಡಿ ಎಂದು ನಾನು ಹೇಳುತ್ತಿಲ್ಲ. ಸಾಲ ತೀರಿಸಬೇಕಾದವರು, ಮಗಳ ಮದುವೆ ಮಾಡಬೇಕಾದವರು, ಬೋರ್‌ವೆಲ್ ಕೊರೆಸಿ ನೀರು ಬಾರದೆ ಕೂತವರು ಈ ಸಂಚಿಕೆ ಓದುತ್ತಾರೆ. ಅವರಿಗೆ ದುಡ್ಡು ಬೇಕೇ ಬೇಕು. ಆದರೆ ಇಷ್ಟು ಸಾಕು ಎಂಬ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳುವ ಅಭ್ಯಾಸ, ಸಾಲವಿಲ್ಲದವರಿಗಾದರೂ ಇರಬೇಕು. ಪ್ರತಿ ವರ್ಷ ಸಂಬಳ ಏರಿದಂತೆ ಆ ಗೆರೆಯನ್ನೂ ಮೇಲಕ್ಕೆ ಸರಿಸುತ್ತಾ ಹೋಗುವವರನ್ನು ನಾನು ದಿನಾ ನೋಡುತ್ತೇನೆ. ಅವರ ಮುಖದಲ್ಲಿ ನೆಮ್ಮದಿ ಕಾಣುವುದಿಲ್ಲ.

ಐದನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಉಪಕಾರದ ನೆನಪು. ಡಿ.ವಿ.ಜಿ.ಯವರು ತಮ್ಮ ಜೀವನದಲ್ಲಿ ಕಂಡ ಜನರನ್ನು ಕುರಿತು ಬರೆದ ಜ್ಞಾಪಕ ಚಿತ್ರಶಾಲೆ ಎಂಟು ಸಂಪುಟಗಳಷ್ಟಿದೆ. ತಮ್ಮದೇ ಆತ್ಮಕಥೆ ಬರೆದುಕೊಳ್ಳಬಹುದಾಗಿದ್ದವರು ಇತರರ ಕಥೆ ಬರೆದರು. ಅದರಲ್ಲಿ ದಿವಾನರಿದ್ದಾರೆ, ಸಂಗೀತಗಾರರಿದ್ದಾರೆ, ವೇದ ಬಲ್ಲವರಿದ್ದಾರೆ, ಸಾಹಿತಿಗಳಿದ್ದಾರೆ. ಹೃದಯಸಂಪನ್ನರು ಎಂಬ ಹೆಸರಿನ ಒಂದು ಸಂಪುಟವೇ ಇದೆ. ಹೆಸರೇ ಹೇಳುವಂತೆ, ಹಣವಂತರಲ್ಲದಿದ್ದರೂ ಹೃದಯ ಶ್ರೀಮಂತವಾಗಿದ್ದವರ ಚಿತ್ರಗಳು ಅದರಲ್ಲಿವೆ. ಜಟಕಾ ಓಡಿಸುತ್ತಿದ್ದ ರಸೂಲ್ ಖಾನ್ ನಮಗೆ ಇಂದು ಗೊತ್ತಿರುವುದು ಡಿ.ವಿ.ಜಿ. ನೆನಪಿಟ್ಟು ಬರೆದದ್ದರಿಂದ. ಇಲ್ಲವಾದರೆ ಮುಳಬಾಗಿಲಿನ ಆ ಮನುಷ್ಯನ ಹೆಸರು ಅವನ ಗಾಡಿಯ ಜೊತೆಗೇ ಹೋಗಿಬಿಡುತ್ತಿತ್ತು.

ದಿನಾ ಮಲಗುವ ಮುನ್ನ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡಿ, ಮನಸ್ಸು ಹಗುರವಾಗುತ್ತದೆ ಎಂದು ಈಗಿನ ಮನಃಶಾಸ್ತ್ರಜ್ಞರು ಸಲಹೆ ಕೊಡುತ್ತಾರೆ. ಒಳ್ಳೆಯ ಸಲಹೆ. ಡಿ.ವಿ.ಜಿ. ಅದನ್ನು ಒಂದು ಹೆಜ್ಜೆ ಮುಂದೆ ಒಯ್ದರು. ಅವರು ಸಂಗತಿಗಳನ್ನಷ್ಟೇ ಬರೆಯದೆ ಆ ಒಳ್ಳೆಯದನ್ನು ಮಾಡಿದ ಮನುಷ್ಯರನ್ನು ಬರೆದರು. ಯಾರ ಮನೆಯಲ್ಲಿ ಏನು ಉಂಡೆ, ಯಾರು ಯಾವ ಮಾತು ಕಲಿಸಿದರು, ಯಾರು ಕಷ್ಟಕ್ಕಾದರು ಎಂಬುದನ್ನು ಐವತ್ತು ಅರವತ್ತು ವರ್ಷಗಳ ಮೇಲೂ ಹೊಸದಾಗಿ ಇಟ್ಟುಕೊಂಡಿದ್ದರು. ಕಳೆದುಕೊಂಡದ್ದರ ಲೆಕ್ಕ ಇಟ್ಟಿದ್ದರೆ ಅವರಿಗೂ ಬೇಕಾದಷ್ಟಿತ್ತು: ಪರೀಕ್ಷೆ, ನಿಂತುಹೋದ ಪತ್ರಿಕೆ, ಹೆಂಡತಿ. ಪಡೆದುಕೊಂಡದ್ದರ ಲೆಕ್ಕ ಬರೆದದ್ದರಿಂದ ಎಂಟು ಸಂಪುಟ ತುಂಬಿತು.

1974ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟು ಗೌರವಿಸಿತು. ಮರುವರ್ಷ, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಡಿ.ವಿ.ಜಿ. ತೀರಿಕೊಂಡರು. ಅವರ ಬರಹಗಳ ರಾಶಿಯಲ್ಲಿ ಇನ್ನೊಂದು ಕಗ್ಗವೇ ಇತ್ತು. ಮರುಳ ಮುನಿಯನ ಕಗ್ಗ ಎಂಬ ಹೆಸರಿನಲ್ಲಿ ಅದು ಅವರು ಹೋದ ಮೇಲೆ ಪ್ರಕಟವಾಯಿತು. 1988ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಬಂತು. ಗೋಖಲೆ ಸಂಸ್ಥೆಯಲ್ಲಿ ಈಗಲೂ ಸಂಜೆಯ ಉಪನ್ಯಾಸಗಳು ನಡೆಯುತ್ತವೆ. ಶನಿವಾರ ಭಾನುವಾರ ಬಿಡುವಾದಾಗ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಪಕ್ಕದಲ್ಲಿ ಕೂತವರು ನಿವೃತ್ತ ಗುಮಾಸ್ತರೋ, ಕಾಲೇಜು ಹುಡುಗಿಯೋ, ಯಾರಾದರೂ ಆಗಿರಬಹುದು. ಮುಗಿದ ಮೇಲೆ ಬುಲ್ ಟೆಂಪಲ್ ರಸ್ತೆಯಲ್ಲಿ ಮಾತಾಡುತ್ತಾ ಸ್ವಲ್ಪ ದೂರ ನಡೆಯುತ್ತೇವೆ. ಬನಶಂಕರಿಯ ಮನೆ ಸೇರುವಾಗ ವಾರದ ಆಯಾಸ ಅರ್ಧ ಇಳಿದಿರುತ್ತದೆ. ಇದು ನನ್ನ ಅನುಭವದ ಮಾತು.

ಈಗ ನಮ್ಮ ಶಾಲೆಯ ಮಾತು. ಸುವರ್ಣ ಮಹೋತ್ಸವದ ವೇದಿಕೆಯ ಮೇಲೆ ಡಾಕ್ಟರಾದವರು, ಎಂಜಿನಿಯರಾದವರು, ತಹಸೀಲ್ದಾರರಾದವರು ಕೂರುತ್ತಾರೆ. ಶಾಲು ಹೊದಿಸಿ ಹಾರ ಹಾಕುತ್ತಾರೆ. ಸಂತೋಷವೇ. ಆದರೆ ಹತ್ತನೇ ತರಗತಿಯಲ್ಲಿ ಫೇಲಾಗಿ ಶಾಲೆಯ ಕಡೆ ಮತ್ತೆ ಮುಖ ಹಾಕದವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ನಮ್ಮ ಬ್ಯಾಚಿನಲ್ಲೂ ಇದ್ದಾರೆ. ಒಬ್ಬ ಗೆಳೆಯ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುತ್ತಾ ಆರಂಭಿಸಿ ಇಂದು ಸ್ವಂತ ಗಾಡಿ ಇಟ್ಟುಕೊಂಡಿದ್ದಾನೆ. ಊರಿನ ಜಾತ್ರೆಯಲ್ಲಿ ಎಲ್ಲರ ಜೊತೆ ನಗುನಗುತ್ತಾ ಇರುವವನು, ಶಾಲೆಯ ಕಾರ್ಯಕ್ರಮ ಎಂದರೆ ಮಾತ್ರ ಕೆಲಸವಿದೆ ಎಂದು ತಪ್ಪಿಸಿಕೊಳ್ಳುತ್ತಾನೆ. ಇಪ್ಪತ್ತು ವರ್ಷವಾದರೂ ಆ ಫಲಿತಾಂಶದ ಹಾಳೆ ಅವನ ಮನಸ್ಸಿನಿಂದ ಇಳಿದಿಲ್ಲ. ಪಾಸಾದವರ ಪಟ್ಟಿ ಮಾತ್ರ ನೋಡಿ ಕರೆಯುವುದಾದರೆ ಡಿ.ವಿ. ಗುಂಡಪ್ಪನವರಿಗೂ ನಮ್ಮ ಆಹ್ವಾನ ಪತ್ರಿಕೆ ಹೋಗುತ್ತಿರಲಿಲ್ಲ. ಆದ್ದರಿಂದ ಹಾಜರಿ ಪುಸ್ತಕ ನೋಡಿ ಕರೆಯೋಣ. ಈ ಶಾಲೆಯ ಬೆಂಚಿನ ಮೇಲೆ ಒಂದು ದಿನ ಕೂತವರೂ ಹಳೆಯ ವಿದ್ಯಾರ್ಥಿಗಳೇ. ಒಂದೊಂದು ಬ್ಯಾಚಿನವರು ತಮ್ಮ ತಮ್ಮ ಗೆಳೆಯರ ಮನೆಗೆ ಹೋಗಿ ಕೈ ಹಿಡಿದು ಕರೆತರುವ ಜವಾಬ್ದಾರಿ ತೆಗೆದುಕೊಳ್ಳಲಿ. ಕಾಗದದ ಆಹ್ವಾನಕ್ಕೆ ಅವರು ಬರುವುದಿಲ್ಲ.

ಎರಡನೆಯ ಸಲಹೆ, ವಾರಕ್ಕೊಮ್ಮೆ ಶಾಲೆಯ ಗ್ರಂಥಾಲಯದ ಬೀಗ ಭಾನುವಾರ ಬೆಳಿಗ್ಗೆಯೂ ತೆಗೆಯಲಿ. ಒಂದು ಗಂಟೆ ಸಾಕು. ಮಕ್ಕಳು, ಮೇಷ್ಟ್ರುಗಳು, ಹಾಲಿನ ಡೇರಿಗೆ ಬಂದವರು, ಪರೀಕ್ಷೆ ಪಾಸಾಗದೆ ಮನೆಯಲ್ಲಿರುವವರು, ಯಾರು ಬೇಕಾದರೂ ಬಂದು ಕೂರಲಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ, ತೋಚಿದ್ದನ್ನು ಹೇಳಲಿ. ಜ್ಞಾಪಕ ಚಿತ್ರಶಾಲೆಯಿಂದಲೇ ಆರಂಭಿಸಬಹುದು. ಅದು ಕಗ್ಗಕ್ಕಿಂತ ಸುಲಭ, ಕಥೆ ಕೇಳಿದ ಹಾಗಿರುತ್ತದೆ. ಪುಸ್ತಕಗಳ ಎಂಟೂ ಸಂಪುಟವನ್ನು ಬೆಂಗಳೂರಿನಲ್ಲಿರುವ ನಮ್ಮ ಬ್ಯಾಚಿನವರು ಸೇರಿ ತಂದುಕೊಡುತ್ತೇವೆ. ಜನ ಮೂರೇ ಬಂದರೂ ನಿಲ್ಲಿಸಬಾರದು. ಬಿಡದೆ ನಡೆಸುವುದೇ ಅಭ್ಯಾಸ, ಎಷ್ಟು ಜನ ಬಂದರು ಎಂಬುದು ಆಮೇಲಿನ ಮಾತು.

ಕಡೆಯದಾಗಿ, ಈ ಸಂಚಿಕೆಯೇ ನಮ್ಮೂರಿನ ಜ್ಞಾಪಕ ಚಿತ್ರಶಾಲೆಯಾಗಬಹುದು. ಐವತ್ತು ವರ್ಷಗಳಲ್ಲಿ ಇಲ್ಲಿ ಪಾಠ ಹೇಳಿದವರ ಹೆಸರು ಹೇಗೂ ಅಚ್ಚಾಗುತ್ತದೆ. ಬೆಳಗಿನ ಗಂಟೆ ಹೊಡೆದ ಜವಾನರು, ಬೇಸಿಗೆಯಲ್ಲಿ ಬಾವಿಯಿಂದ ನೀರು ಸೇದಿ ತಂದಿಟ್ಟವರು, ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಬಸ್ಸು ತಪ್ಪಿದ ದಿನ ಪಕ್ಕದ ಹಳ್ಳಿಯ ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಹತ್ತಿಸಿಕೊಂಡು ಬಂದವರು, ಇವರ ಹೆಸರುಗಳು ಈಗಿನ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಇನ್ನು ಹತ್ತು ವರ್ಷ ಹೋದರೆ ಕೇಳಿದರೂ ಹೇಳುವವರಿರುವುದಿಲ್ಲ. ಓದುಗರೆಲ್ಲರಲ್ಲಿ ನನ್ನದೊಂದು ವಿನಂತಿ. ಈ ರಾತ್ರಿ ಮಲಗುವ ಮುನ್ನ, ನಿಮ್ಮ ಓದು ನಿಲ್ಲದಂತೆ ನೋಡಿಕೊಂಡ ಒಬ್ಬರನ್ನು ನೆನೆದು, ಅವರ ಹೆಸರನ್ನೂ ಅವರು ಮಾಡಿದ ಉಪಕಾರವ‌ನ್ನೂ ನಾಲ್ಕು ಸಾಲಿನಲ್ಲಿ ಬರೆದು ಶಾಲೆಗೆ ಕಳುಹಿಸಿ. ಬದುಕಿದ್ದರೆ ನಾಳೆಯೇ ಹೋಗಿ ಮಾತಾಡಿಸಿ ಬನ್ನಿ. ಎಲ್ಲರ ಬದುಕಿನಲ್ಲೂ ಒಬ್ಬ ರಸೂಲ್ ಖಾನ್ ಇದ್ದೇ ಇರುತ್ತಾನೆ.

ಶಾಲೆ ಇನ್ನೂ ನೂರು ಕಾಲ ಬಾಳಲಿ.